ಬುಡದಿಂದ ಊದುವ ಉಕ್ಕಿನ ಮೂಸೆ

ಹುಮನಾಬಾದ್ ಬಿಟ್ಟು ಪುಣೆ ಕಡೆಗೆ ಹೊರಟರೆ ಹೆದ್ದಾರಿ ತುಂಬ ಲಾರಿಗಳು. ಬಸವಕಲ್ಯಾಣದ ಆಟೋನಗರದಲ್ಲಿ ಹಳೆಯ ಲಾರಿ ಬಿಚ್ಚುತ್ತಾರೆ, ಹೊಸ ಬಾಡಿ ಕಟ್ಟುತ್ತಾರೆ. ಇಂಥ ಕಡೆ ಉಳಿಯುವ ಗುಜರಿ ಕಬ್ಬಿಣಕ್ಕೆ ಉಕ್ಕಿನ ಕಾರ್ಖಾನೆಯಲ್ಲಿ ಒಂದು ವಿಚಿತ್ರ ಕೆಲಸವಿದೆ: ತಣಿಸುವುದು.

ಊದುಕುಲುಮೆಯಿಂದ ಬರುವ ಕರಗಿದ ಕಬ್ಬಿಣದಲ್ಲಿ ಶೇ 4ರಷ್ಟು ಇಂಗಾಲವಿರುತ್ತದೆ. ಕನ್ವರ್ಟರ್ ಎಂಬ ದೊಡ್ಡ ಮೂಸೆಗೆ ಅದನ್ನು ಸುರಿದು, ಆಮ್ಲಜನಕ ಊದಿ ಇಂಗಾಲ ಸುಟ್ಟರೆ ಉಕ್ಕು. ಬೇರೆ ಇಂಧನ ಬೇಡ, ಕಾವು ಮಿಕ್ಕುತ್ತದೆ. ಮಿಕ್ಕಿದ್ದನ್ನು ಗುಜರಿ ಹೀರುತ್ತದೆ.

1856ರಲ್ಲಿ ಹೆನ್ರಿ ಬೆಸೆಮರ್ ಬುಡದಿಂದಲೇ ಊದಿದ, ಆದರೆ ಬರಿ ಗಾಳಿಯನ್ನು. ಅದರಲ್ಲಿನ ನೈಟ್ರೋಜನ್ ಸೇರಿ ಉಕ್ಕು ಪೆಡಸಾಯಿತು. ಬುಡದಿಂದ ಶುದ್ಧ ಆಮ್ಲಜನಕ ಹಾಯಿಸಿದರೆ ಊದುವ ಕೊಳವೆಯ ಬಾಯಿಯೇ ಕರಗುತ್ತಿತ್ತು. ಕೊನೆಗೆ 1952ರಲ್ಲಿ ಆಸ್ಟ್ರಿಯಾದ ಲಿನ್ಜ್‌ನವರು ನೀರು ಹರಿಸಿ ತಂಪಾಗಿಟ್ಟ ಕೊಳವೆಯನ್ನು ಮೇಲಿನಿಂದ ಇಳಿಬಿಟ್ಟರು. ನಮ್ಮ ಭದ್ರಾವತಿಯ ಕನ್ವರ್ಟರ್‌ಗಳೂ ಈ ವಂಶದವೇ ಆಗಿದ್ದವು.

ಬುಡದ ಗಂಟು ಬಿಡಿಸಿದವರು ಕೆನಡಾದ ಗೈ ಸವಾರ್ ಮತ್ತು ರಾಬರ್ಟ್ ಲೀ. ಒಂದರೊಳಗೊಂದು ಎರಡು ಕೊಳವೆ. ಒಳಗೆ ಆಮ್ಲಜನಕ, ಸುತ್ತಲ ಸಂದಿನಲ್ಲಿ ಪ್ರೊಪೇನ್‌ನಂಥ ಅನಿಲ. ಕಾವಿಗೆ ಈ ಅನಿಲ ಒಡೆಯುವಾಗ ಶಾಖ ಹೀರಿಕೊಳ್ಳುತ್ತದೆ. ಕೊಳವೆಯ ಬಾಯಿಯ ಸುತ್ತ ಲೋಹ ಅಣಬೆಯಂತೆ ಹೆಪ್ಪುಗಟ್ಟಿ ಅದನ್ನು ಕಾಯುತ್ತದೆ. ಹೊತ್ತಿ ಉರಿಯುವ ವಸ್ತುವನ್ನೇ ತಂಪಿಗೆ ಬಳಸಿದ ಈ ಧೈರ್ಯಕ್ಕೆ ತಲೆದೂಗಲೇಬೇಕು. 1967ರ ಕೊನೆಯಲ್ಲಿ ಬವೇರಿಯಾದ ಮ್ಯಾಕ್ಸ್‌ಹ್ಯುಟ್ಟೆ ಕಾರ್ಖಾನೆ ಇದನ್ನು ಬಳಕೆಗೆ ತಂದಿತು. ಬುಡದಿಂದ ಗಾಳಿ ಊದುವ ಹಳೆಯ ಕನ್ವರ್ಟರ್‌ಗಳಿಗೆ ಬುಡ ಬದಲಿಸಿದರೆ ಸಾಕಿತ್ತು. ಅಮೆರಿಕದ ಯು.ಎಸ್. ಸ್ಟೀಲ್ ಹಿಂದೆಯೇ ಬಂತು.

ಕೆಳಗಿನಿಂದ ನುಗ್ಗುವ ಅನಿಲ ಲೋಹವನ್ನು ಚೆನ್ನಾಗಿ ಕಲಕುತ್ತದೆ. ಕಿಟ್ಟಕ್ಕೆ ಸೇರಿ ಹಾಳಾಗುವ ಕಬ್ಬಿಣ ಕಡಿಮೆ. ಇಂಗಾಲವನ್ನು ಬಹಳ ಕೆಳಮಟ್ಟಕ್ಕೆ ಇಳಿಸಬಹುದು. ಆಮ್ಲಜನಕದ ಜೊತೆಗೇ ಸುಣ್ಣದ ಪುಡಿ ಊದಿದರೆ ರಂಜಕ, ಗಂಧಕ ಬೇಗ ಹೊರಬೀಳುತ್ತವೆ.

ತೊಂದರೆಗಳೂ ಸಣ್ಣವಲ್ಲ. ಒಡೆದ ಅನಿಲದ ಹೈಡ್ರೋಜನ್ ಉಕ್ಕಿಗೆ ಸೇರುತ್ತದೆ. ಕೊನೆಯಲ್ಲಿ ಆರ್ಗಾನ್ ಅಥವಾ ನೈಟ್ರೋಜನ್ ಹಾಯಿಸಿ ಅದನ್ನು ತೊಳೆಯಬೇಕು. ಗೋಡೆಗಿಂತ ಮೊದಲೇ ಬುಡ ಸವೆಯುತ್ತದೆ. ಇನ್ನೊಂದು ಗುಜರಿಯ ಲೆಕ್ಕ. ಮೇಲಿನಿಂದ ಊದಿದಾಗ ಹೊರಡುವ ಕಾರ್ಬನ್ ಮೊನಾಕ್ಸೈಡ್‌ನ ಒಂದು ಪಾಲು ಮೂಸೆಯಲ್ಲೇ ಉರಿದು ಕಾವು ಕೊಡುತ್ತದೆ. ಬುಡದ ಊದಿನಲ್ಲಿ ಆ ಲಾಭ ಕಡಿಮೆ, ಕರಗುವ ಗುಜರಿಯೂ ಕಡಿಮೆ. ಗುಜರಿ ಅಗ್ಗವಿದ್ದ ಕಡೆ ಮಾಲೀಕರು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾಗಿ 1970ರ ದಶಕದ ಕೊನೆಯಿಂದ ಎರಡನ್ನೂ ಬೆರೆಸುವುದು ಶುರುವಾಯಿತು. ಆಮ್ಲಜನಕ ಮೇಲಿನಿಂದಲೇ, ಬುಡದ ಸಣ್ಣ ಕಿಂಡಿಗಳಿಂದ ಕಲಕಲಷ್ಟೇ ಆರ್ಗಾನ್ ಅಥವಾ ನೈಟ್ರೋಜನ್. ಈಗ ಜಗತ್ತಿನ ದೊಡ್ಡ ಕಾರ್ಖಾನೆಗಳಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಈ ಬೆರಕೆ ಪದ್ಧತಿಯೇ.