ಗಿಂಪ್ ಏಕೆ ಕುಂಟುತ್ತದೆ?

ನೀವು ಗುಬ್ಬಿಯ ಕಾಲೇಜೊಂದರಲ್ಲಿ ಓದುತ್ತಿದ್ದೀರಿ ಎನ್ನಿ. ರಾಜ್ಯೋತ್ಸವಕ್ಕೆ ಆರಡಿ ಅಗಲ, ನಾಲ್ಕಡಿ ಎತ್ತರದ ಫ್ಲೆಕ್ಸ್ ಆಗಬೇಕು. ಹಿನ್ನೆಲೆಗೆ ಕುಣಿಗಲ್ ಕೆರೆಯ ಛಾಯಾಚಿತ್ರ, ಮೇಲೆ ಕನ್ನಡದ ಅಕ್ಷರಗಳು. ಸಂಜೆಯೊಳಗೆ ತುಮಕೂರಿನ ಅಂಗಡಿಗೆ ಮುಟ್ಟಿಸಬೇಕು. ಹಣ ಕೊಟ್ಟು ಕೊಳ್ಳುವ ತಂತ್ರಾಂಶ ಕೈಗೆಟಕದು. ಕದ್ದ ಪ್ರತಿ ಬೇಡ. ಆದ್ದರಿಂದ ಉಚಿತವಾಗಿ ದೊರೆಯುವ ಮುಕ್ತ ತಂತ್ರಾಂಶ ‘ಗಿಂಪ್’ ತೆರೆಯುತ್ತೀರಿ. ಕುಂಚ ಎಳೆದು ಕೈ ನಿಲ್ಲಿಸಿದ ಎಷ್ಟೋ ಹೊತ್ತಿಗೆ ಗೆರೆ ಮೂಡುತ್ತದೆ! ಬೈದು ಎದ್ದುಹೋಗುವ ಮುನ್ನ ಸ್ವಲ್ಪ ಲೆಕ್ಕ ಹಾಕೋಣ.

ಗಣಕಯಂತ್ರಕ್ಕೆ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ರಾಶಿ. ಅಂಗುಲಕ್ಕೆ 300 ಚುಕ್ಕೆ ಇರಬೇಕೆಂದು ಯಾರೋ ಹೇಳಿದ್ದರಿಂದ ನೀವು ಹಾಗೆಯೇ ಮಾಡಿದ್ದೀರಿ. 72 ಅಂಗುಲ ಅಗಲಕ್ಕೆ 21,600 ಚುಕ್ಕೆ. 48 ಅಂಗುಲ ಎತ್ತರಕ್ಕೆ 14,400. ಗುಣಿಸಿದರೆ ಸುಮಾರು 31 ಕೋಟಿ. ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಬೈಟ್ ಬೇಕು. ಒಟ್ಟು 124 ಕೋಟಿ ಬೈಟ್, ಎಂದರೆ ಸುಮಾರು ಒಂದೂಕಾಲು ಗಿಗಾಬೈಟ್.

ಇದು ಒಂದು ಪದರದ ಲೆಕ್ಕ ಮಾತ್ರ. ಪದರಗಳೆಂದರೇನು? ಗುಬ್ಬಿ ವೀರಣ್ಣನವರಂಥವರ ಕಂಪನಿ ನಾಟಕಗಳ ರಂಗಸಜ್ಜಿಕೆ ನೆನೆಯಿರಿ: ಹಿಂದೆ ಅರಮನೆಯ ಪರದೆ, ಅದರ ಮುಂದೆ ಮರಗಿಡಗಳ ಪಕ್ಕಪರದೆ, ಎಲ್ಲಕ್ಕೂ ಮುಂದೆ ಪಾತ್ರಧಾರಿ. ಒಂದನ್ನು ಬದಲಿಸಿದರೆ ಇನ್ನೊಂದು ಕೆಡುವುದಿಲ್ಲ. ಗಿಂಪ್‌ನ ಪದರಗಳೂ ಹಾಗೆಯೇ. ಪೂರ್ಣ ಗಾತ್ರದ ನಾಲ್ಕು ಪದರಗಳಾದರೆ ಐದು ಗಿಗಾಬೈಟ್! ನಿಮ್ಮ ಯಂತ್ರದ ಸ್ಮರಣೆ ಇರುವುದೇ ನಾಲ್ಕು. ಹಿಡಿಸದ ಭಾಗವನ್ನು ಗಿಂಪ್ ಡಿಸ್ಕಿಗೆ ಬರೆಯುತ್ತದೆ, ಬೇಕಾದಾಗ ಮತ್ತೆ ಓದುತ್ತದೆ. ಸ್ಮರಣೆಗೆ ಹೋಲಿಸಿದರೆ ಡಿಸ್ಕ್, ಅದರಲ್ಲೂ ತಿರುಗುವ ಹಳೆಯ ಡಿಸ್ಕ್, ಬಹಳ ನಿಧಾನ. ಕುಂಟುವುದು ಅಲ್ಲಿಯೇ.

ಆದರೆ ಫ್ಲೆಕ್ಸನ್ನು ಯಾರೂ ಪುಸ್ತಕದಂತೆ ಕಣ್ಣ ಬಳಿ ಹಿಡಿದು ಓದುವುದಿಲ್ಲವಷ್ಟೆ. ಹತ್ತಾರು ಅಡಿ ದೂರದಿಂದ ನೋಡುವುದಕ್ಕೆ ಅಂಗುಲಕ್ಕೆ 72 ಚುಕ್ಕೆ ಸಾಕು. ಆಗ ಒಂದು ಪದರಕ್ಕೆ ಏಳು ಕೋಟಿ ಚಿಲ್ಲರೆ ಬೈಟ್, ನಾಲ್ಕಕ್ಕೂ ಸೇರಿ ಮೂವತ್ತು ಕೋಟಿಯ ಒಳಗೇ. ಅದೇ ಹಳೆಯ ಯಂತ್ರ ಸರಾಗವಾಗಿ ನಡೆಯುತ್ತದೆ. ಗಿಂಪ್ ಎಷ್ಟು ಸ್ಮರಣೆ ಬಳಸಬಹುದೆಂಬುದನ್ನು ‘ಪ್ರಿಫರೆನ್ಸಸ್’ನಲ್ಲಿ ‘ಟೈಲ್ ಕ್ಯಾಶ್’ ಎಂಬಲ್ಲಿ ಏರಿಸಲೂಬಹುದು. ಪೂರ್ತಿ ಕೊಟ್ಟರೆ ಮಾತ್ರ ಇಡೀ ಯಂತ್ರವೇ ಏದುಸಿರು ಬಿಡುತ್ತದೆ.

ಇನ್ನು ಬಳಕೆಯ ಕಿರಿಕಿರಿಗಳು. 1995ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಗಿಂಪ್ ರಚಿಸಲು ತೊಡಗಿದರು. ಬಳಿಕ ಅದನ್ನು ಬೆಳೆಸಿದವರು ಬಹುಪಾಲು ಸ್ವಯಂಸೇವಕರು. ‘ಸೇವ್’ ಒತ್ತಿದರೆ ಫೋನಿನಲ್ಲಿ ತೆರೆಯದ ಎಕ್ಸ್‌ಸಿಎಫ್ ಕಡತ ದೊರೆಯುತ್ತದೆ. 2012ರ 2.8ನೇ ಆವೃತ್ತಿಯಿಂದ ಹೀಗೆ. ಪದರಗಳು ನಾಶವಾಗದಿರಲಿ ಎಂಬುದು ಇದರ ಉದ್ದೇಶ. ಜೆಪೆಗ್ ಬೇಕಾದರೆ ‘ಎಕ್ಸ್‌ಪೋರ್ಟ್’ ಮಾಡಬೇಕು. ಇದನ್ನು ಒಪ್ಪಬಹುದು. ಆದರೆ ಒಂದು ವೃತ್ತದ ಗೆರೆ ಎಳೆಯಲು ಮೊದಲು ವೃತ್ತಾಕಾರದ ಆಯ್ಕೆ ಮಾಡಿ, ಆಮೇಲೆ ‘ಸ್ಟ್ರೋಕ್ ಸೆಲೆಕ್ಷನ್’ ಹುಡುಕಬೇಕೆಂಬುದಕ್ಕೆ ಸಮರ್ಥನೆಯೇ ಇಲ್ಲ! ಅಂಟಿಸಿದ ಚಿತ್ರ ತ್ರಿಶಂಕುವಿನಂತೆ ತೇಲುತ್ತಿದ್ದ ಕಾಟ 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ತಪ್ಪಿದೆ. ಈಗ ಅದು ನೇರವಾಗಿ ಹೊಸ ಪದರವಾಗುತ್ತದೆ.

‘ನುಡಿ’ಯ ಹಳೆಯ ಸಂಕೇತದಲ್ಲಿ ಬೆರಳಚ್ಚಿಸಿದ ಬರಹವನ್ನು ಅಂಟಿಸಿದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣಬಹುದು. ಈ ದೂರು ಗಿಂಪ್‌ನ ಮೇಲೆ ಬೇಡ. ಯೂನಿಕೋಡ್‌ನಲ್ಲಿ ಬೆರಳಚ್ಚಿಸಿ, ಯೂನಿಕೋಡ್ ಲಿಪಿಯನ್ನೇ ಆರಿಸಿ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಸರಿಯಾಗಿ ಕೂರುತ್ತವೆ.

ಬಣ್ಣದ ವಿಷಯದಲ್ಲಿ ಎಚ್ಚರ ಬೇಕು. ಗಿಂಪ್ ಚಿತ್ರ ತಿದ್ದುವುದು ಪರದೆಯ ಕೆಂಪು-ಹಸಿರು-ನೀಲಿಯಲ್ಲಿ. ಮುದ್ರಣದ ಶಾಯಿಗಳೇ ಬೇರೆ. ಪರದೆಯ ಮೇಲೆ ಹೊಳೆದ ಕೆರೆಯ ಹಸಿರು ಬಟ್ಟೆಯ ಮೇಲೆ ಮಂಕಾದೀತು. ಅಂಗಡಿಯವರನ್ನು ಕೇಳಿ, ಮೊದಲು ಅಂಗೈಯಗಲದ ತುಂಡೊಂದರ ಮೇಲೆ ಮುದ್ರಿಸಿ ನೋಡಿ.