ಹೊಸೂರಿನ ಕಾರ್ಖಾನೆಗಳು: ನೀತಿ, ನೆಲ, ನುಡಿ

ಸಾಹಿತ್ಯದ ವಿದ್ಯಾರ್ಥಿಗೆ ಕೈಗಾರಿಕಾ ನೀತಿಯ ಗೊಡವೆ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಗಡಿಭಾಗದಲ್ಲಿ ಕನ್ನಡ ಉಳಿಯೋದು ಅನ್ನದ ಪ್ರಶ್ನೆಯೂ ಹೌದು. ಅದಕ್ಕೇ ಈ ವಿಷಯ ಆರಿಸಿಕೊಂಡೆ.

1965ರಲ್ಲಿ ಸೇಲಂನಿಂದ ಧರ್ಮಪುರಿ ಜಿಲ್ಲೆ ಬೇರೆಯಾದಾಗ ಹೊಸೂರು ಅದಕ್ಕೆ ಸೇರಿತು. 2004ರಿಂದ ಕೃಷ್ಣಗಿರಿ ಜಿಲ್ಲೆಯಲ್ಲಿದೆ. ರಾಗಿ ಬೆಳೆಯುವ, ತೆಲುಗು, ಕನ್ನಡ, ತಮಿಳು ಮೂರೂ ಆಡುವ ಸೀಮೆ ಇದು. 1971ರಲ್ಲಿ ತಮಿಳುನಾಡು ಸರ್ಕಾರ ಸಿಪ್‌ಕಾಟ್ ನಿಗಮ ಸ್ಥಾಪಿಸಿತು. ಜಮೀನು, ರಸ್ತೆ, ನೀರು ಒದಗಿಸಿ ಕೈಗಾರಿಕೆಗಳನ್ನು ಕರೆತರೋದು ಅದರ ಕೆಲಸ. ಹೊಸೂರಿನ ಆಯ್ಕೆಯ ಹಿಂದೆ ಲೆಕ್ಕಾಚಾರವಿತ್ತು: ಸುಮಾರು 40 ಕಿ.ಮೀ. ದೂರದ ಬೆಂಗಳೂರಿನ ಇಂಜಿನಿಯರುಗಳೂ ಬಿಡಿಭಾಗ ತಯಾರಕರೂ ಕೈಗೆಟಕುತ್ತಿದ್ದರು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಘಟಕ ಶುರುವಾಯಿತು, ಟಿವಿಎಸ್ 50 ಮೊಪೆಡ್ ಹೊರಬಂತು. 1984ರಲ್ಲಿ ಟಾಟಾ ಮತ್ತು ಸರ್ಕಾರದ ಟಿಡ್ಕೊ ಸೇರಿ ಕಟ್ಟಿದ ಟೈಟನ್ ಕೂಡ ತನ್ನ ಗಡಿಯಾರ ಕಾರ್ಖಾನೆಗೆ ಹೊಸೂರನ್ನೇ ಆರಿಸಿತು.

ಆದರೆ ಜಾಗ ಕೊಟ್ಟ ಮಾತ್ರಕ್ಕೆ ಕೈಗಾರಿಕೆ ಬೇರೂರುವುದಿಲ್ಲ. ಇಥಿಯೋಪಿಯಾ ನೋಡಿ. 2016ರಲ್ಲಿ ಅಲ್ಲಿನ ಸರ್ಕಾರ ಹವಾಸಾದಲ್ಲಿ ದೊಡ್ಡ ಕೈಗಾರಿಕಾ ಪಾರ್ಕ್ ತೆರೆಯಿತು. ಹೆಚ್ಚಿನವು ರಫ್ತಿಗೆ ಬಟ್ಟೆ ಹೊಲಿಯುವ ವಿದೇಶಿ ಕಂಪನಿಗಳು. ಬಟ್ಟೆಯ ಥಾನೂ ಬಹುಪಾಲು ಹೊರಗಿಂದಲೇ ಬರುತ್ತಿತ್ತು. ಯುದ್ಧದ ಹಿನ್ನೆಲೆಯಲ್ಲಿ 2022ರ ಜನವರಿಯಲ್ಲಿ ಅಮೆರಿಕ ಸುಂಕ ವಿನಾಯಿತಿ ನಿಲ್ಲಿಸಿದಾಗ ಪಾರ್ಕಿಗೆ ದೊಡ್ಡ ಪೆಟ್ಟು ಬಿತ್ತು. ಹೊಸೂರಿನ ವಾಹನಗಳಿಗೆ ದೇಶದೊಳಗೇ ಮಾರುಕಟ್ಟೆಯಿತ್ತು. ಜೊತೆಗೆ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಲೇತ್ ಶೆಡ್ಡುಗಳು ಸುತ್ತಲೂ ಎದ್ದವು. ಕಲಿತ ಕೈ ಊರಲ್ಲೇ ಉಳಿಯೋದು ಹೀಗೆ.

ಆ ಕೈ ಯಾರದು ಅನ್ನೋದೇ ನನ್ನ ಪ್ರಶ್ನೆ. 2006ರ ಕಾನೂನು ತಮಿಳುನಾಡಿನ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ತಮಿಳು ಕಲಿಯಬೇಕು, ಅದರಲ್ಲಿ ತಕರಾರಿಲ್ಲ. ಕಾರ್ಖಾನೆಯಲ್ಲಿ ಪಕ್ಕದವನ ಜೊತೆ ಮಾತಾಡೋಕೂ ಅದು ಬೇಕು. ಆದರೆ ಕನ್ನಡದಲ್ಲಿ ಗಣಿತ, ವಿಜ್ಞಾನ ಓದಿದ ಹುಡುಗಿ ಐಟಿಐ ಮೆಟ್ಟಿಲು ಹತ್ತಿದಾಗ, ಗೊತ್ತಿರುವ ವಿಷಯವೇ ಗೊತ್ತಿಲ್ಲದ ಮಾತಲ್ಲಿ ಎದುರಾದರೆ, ದಡ್ಡಿ ಅನ್ನಿಸಿಕೊಳ್ಳೋದು ಅವಳೇ. ಆಗ ಮನೆಯವರು ಕನ್ನಡ ಶಾಲೆಯನ್ನೇ ಬಿಡಿಸುತ್ತಾರೆ. ಶಾಲೆ ಖಾಲಿಯಾದ ಮೇಲೆ ಭಾಷಾಭಿಮಾನದ ಭಾಷಣ ಯಾರಿಗೆ?

ಹಾಗಾಗಿ ಕೈಗಾರಿಕಾ ನೀತಿಯನ್ನು ಜಮೀನು, ಬಂಡವಾಳದ ಲೆಕ್ಕದಲ್ಲಷ್ಟೇ ಅಳೆಯಬಾರದು; ಕೆಲಸ ಕಲಿಸುವ ಭಾಷೆಯೂ ಅದರ ಭಾಗ. ನಮ್ಮ ವಿಭಾಗವೇ ಫಿಟ್ಟರ್, ಟರ್ನರ್, ವೆಲ್ಡರ್ ಕೆಲಸಗಳಿಗೆ ಕನ್ನಡ–ತಮಿಳು ಪದಕೋಶವೊಂದನ್ನು, ಕೆಲಸಗಾರರ ಬಾಯಲ್ಲಿರುವ ಮಾತುಗಳಿಂದಲೇ, ಸಿದ್ಧಪಡಿಸಬಹುದು ಅಂತ ನನ್ನ ಸಲಹೆ. ಇದರ ಬಗ್ಗೆ ತಮ್ಮೆಲ್ಲರ ಅಭಿಪ್ರಾಯ ಕೇಳಬೇಕು ಅಂತಿದ್ದೀನಿ.