ಆಲ್-ಅಮೆರಿಕನ್ ಗರ್ಲ್

ಆಲ್-ಅಮೆರಿಕನ್ ಗರ್ಲ್ ಅಮೆರಿಕದ ಎಬಿಸಿ ವಾಹಿನಿಯಲ್ಲಿ 1994ರ ಸೆಪ್ಟೆಂಬರ್ 14ರಿಂದ 1995ರ ಮಾರ್ಚ್ 15ರವರೆಗೆ ಪ್ರಸಾರವಾದ ಹಾಸ್ಯ ಧಾರಾವಾಹಿ. ಇದರ ಸೃಷ್ಟಿಕರ್ತ ಗ್ಯಾರಿ ಜೇಕಬ್ಸ್. ಪ್ರಧಾನ ಪಾತ್ರವನ್ನು ಹಾಸ್ಯ ಕಲಾವಿದೆ ಮಾರ್ಗರೆಟ್ ಚೋ ನಿರ್ವಹಿಸಿದ್ದಾರೆ. ಏಷ್ಯಾ ಮೂಲದ ಅಮೆರಿಕನ್ ಕುಟುಂಬವೊಂದನ್ನು ಕೇಂದ್ರವಾಗಿರಿಸಿಕೊಂಡ ಅಮೆರಿಕದ ಆರಂಭಿಕ ಧಾರಾವಾಹಿಗಳಲ್ಲಿ ಇದು ಪ್ರಮುಖವಾದುದು. ಒಂದೇ ಆವೃತ್ತಿಯಲ್ಲಿ, 19 ಕಂತುಗಳಿಗೆ ಇದು ಮುಕ್ತಾಯಗೊಂಡಿತು.

ಹಿನ್ನೆಲೆ

ಚೋ 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕೊರಿಯನ್ ಮೂಲದ ಕುಟುಂಬದಲ್ಲಿ ಜನಿಸಿದರು. ಅವರ ತಂದೆತಾಯಿ ಅಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದರು. ತಾಯಿಯ ಮಾತಿನ ಧಾಟಿಯನ್ನು ಅನುಕರಿಸುವುದು ಅವರ ಏಕವ್ಯಕ್ತಿ ಹಾಸ್ಯ ಪ್ರದರ್ಶನಗಳ ಜನಪ್ರಿಯ ಭಾಗವಾಗಿತ್ತು. ಈ ಪ್ರದರ್ಶನಗಳನ್ನೇ ಆಧರಿಸಿ ಧಾರಾವಾಹಿಯನ್ನು ರೂಪಿಸಲಾಯಿತು.

ಕಥಾವಸ್ತು ಮತ್ತು ಪಾತ್ರವರ್ಗ

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪುಸ್ತಕದಂಗಡಿ ನಡೆಸುವ ಕಿಮ್ ಕುಟುಂಬದ ಮಗಳು ಮಾರ್ಗರೆಟ್ ಈ ಧಾರಾವಾಹಿಯ ನಾಯಕಿ. ಆಕೆ ಕೊರಿಯನ್ ಯುವಕನನ್ನೇ ವರಿಸಬೇಕೆಂಬುದು ತಾಯಿಯ ಅಪೇಕ್ಷೆ. ತನ್ನ ಗೆಳೆಯರನ್ನು ತಾನೇ ಆರಿಸಿಕೊಳ್ಳಬೇಕೆಂಬುದು ಮಗಳ ಹಟ. ಈ ಸಂಘರ್ಷವೇ ಅನೇಕ ಕಂತುಗಳ ಹಾಸ್ಯಕ್ಕೆ ಮೂಲ. ತಾಯಿಯಾಗಿ ಜೋಡಿ ಲಾಂಗ್, ತಂದೆಯಾಗಿ ಕ್ಲೈಡ್ ಕುಸಾಟ್ಸು, ವೈದ್ಯನಾದ ಅಣ್ಣನಾಗಿ ಬಿ. ಡಿ. ವಾಂಗ್ ಹಾಗೂ ಅಜ್ಜಿಯಾಗಿ ಏಮಿ ಹಿಲ್ ನಟಿಸಿದ್ದಾರೆ. ನಿರ್ದೇಶಕ ಕ್ವೆಂಟಿನ್ ಟ್ಯಾರಂಟಿನೊ ಒಂದು ಕಂತಿನಲ್ಲಿ ಅತಿಥಿ ನಟರಾಗಿ ಕಾಣಿಸಿಕೊಂಡಿದ್ದಾರೆ.

ವಿಮರ್ಶೆ

ಧಾರಾವಾಹಿಯು ಎರಡು ಕಡೆಗಳಿಂದ ಟೀಕೆಗೆ ಗುರಿಯಾಯಿತು. ಚೋ ಅವರ ವೇದಿಕೆಯ ಹಾಸ್ಯದಲ್ಲಿದ್ದ ಮೊನಚು ಕುಟುಂಬ ವೀಕ್ಷಣೆಯ ಚೌಕಟ್ಟಿನಲ್ಲಿ ಕಳೆದುಹೋಯಿತೆಂಬುದು ಒಂದು ಆಕ್ಷೇಪ. ಕೊರಿಯನ್ ಬದುಕಿನ ಚಿತ್ರಣ ಸಹಜವಾಗಿಲ್ಲವೆಂಬುದು ಕೊರಿಯನ್-ಅಮೆರಿಕನ್ ವೀಕ್ಷಕರಲ್ಲಿ ಹಲವರ ಅಸಮಾಧಾನ. ಮುಖ್ಯ ನಟರಲ್ಲಿ ಚೋ ಅವರನ್ನು ಹೊರತುಪಡಿಸಿ ಮೇಲೆ ಹೆಸರಿಸಿದವರಾರೂ ಕೊರಿಯನ್ ಮೂಲದವರಲ್ಲ. ವಾಂಗ್ ಚೀನೀ ಮೂಲದವರಾದರೆ, ಕುಸಾಟ್ಸು ಜಪಾನೀ ಮೂಲದವರು. ಇಂತಹ ಧಾರಾವಾಹಿ ಬೇರೊಂದಿಲ್ಲದ ಕಾರಣ, ಭಿನ್ನ ಭಾಷೆ ಮತ್ತು ಆಚಾರಗಳ ಹಲವು ಸಮುದಾಯಗಳು ತಮ್ಮ ಪ್ರತಿಬಿಂಬವನ್ನು ಇದೊಂದರಲ್ಲೇ ಅರಸುವಂತಾಯಿತು.

ಚೋ ಅವರ ಅನುಭವ

ತಮ್ಮ ಮುಖ ಪರದೆಗೆ ಅತಿ ದುಂಡಗಿದೆಯೆಂಬ ಆಕ್ಷೇಪ ಕೇಳಿಬಂದುದರಿಂದ ಎರಡು ವಾರಗಳಲ್ಲಿ 30 ಪೌಂಡ್ ತೂಕ ಇಳಿಸಿದುದಾಗಿಯೂ, ಅದರಿಂದ ತಮ್ಮ ಮೂತ್ರಪಿಂಡಗಳು ವಿಫಲಗೊಂಡುದಾಗಿಯೂ ಚೋ ಅನಂತರ ಹೇಳಿಕೊಂಡರು. ತಮ್ಮಲ್ಲಿ 'ಏಷ್ಯನ್‌ತನ' ಸಾಲದೆಂದು ಸಲಹೆಗಾರರೊಬ್ಬರನ್ನು ನೇಮಿಸಲಾಗಿತ್ತೆಂಬುದೂ ಅವರ ಹೇಳಿಕೆ. ಈ ಅನುಭವಗಳನ್ನು ಅವರು 'ಐ ಆಮ್ ದ ಒನ್ ದಟ್ ಐ ವಾಂಟ್' ಎಂಬ ಏಕವ್ಯಕ್ತಿ ಪ್ರದರ್ಶನದಲ್ಲಿ ನಿರೂಪಿಸಿದರು. ಅದು 2000ರಲ್ಲಿ ಚಲನಚಿತ್ರವಾಗಿ ಬಿಡುಗಡೆಯಾಯಿತು.

ಮುಕ್ತಾಯ ಮತ್ತು ಪರಿಣಾಮ

ಕೊನೆಯ ಕಂತಿನಲ್ಲಿ ಕಥೆಯ ಸ್ವರೂಪವನ್ನೇ ಬದಲಿಸುವ ಪ್ರಯತ್ನ ನಡೆಯಿತು. ಅದರಲ್ಲಿ ಕಿಮ್ ಕುಟುಂಬದ ಬಹುತೇಕ ಸದಸ್ಯರು ಮರೆಯಾಗಿ, ಮಾರ್ಗರೆಟ್ ಹೊಸ ಗೆಳೆಯರ ನಡುವೆ ಕಾಣಿಸಿಕೊಂಡಳು. ಎರಡನೆಯ ಆವೃತ್ತಿಗೆ ಮಾತ್ರ ಅನುಮತಿ ದೊರೆಯಲಿಲ್ಲ.

ಏಷ್ಯಾ ಮೂಲದ ಕುಟುಂಬದ ಕಥೆಯುಳ್ಳ 'ಫ್ರೆಶ್ ಆಫ್ ದ ಬೋಟ್' ಅದೇ ವಾಹಿನಿಯಲ್ಲಿ ಆರಂಭವಾದುದು 2015ರಲ್ಲಿ, ಅಂದರೆ ಸುಮಾರು 20 ವರ್ಷಗಳ ಬಳಿಕ. ತೈವಾನೀ ಮೂಲದ ಕುಟುಂಬವನ್ನು ಕುರಿತ ಆ ಧಾರಾವಾಹಿ ಆರು ಆವೃತ್ತಿಗಳನ್ನು ಪೂರೈಸಿತು. ಅದರ ಕಥೆ ಆರಂಭಗೊಳ್ಳುವುದು 1995ರಲ್ಲಿ. ಆಲ್-ಅಮೆರಿಕನ್ ಗರ್ಲ್ ಪ್ರಸಾರ ನಿಲ್ಲಿಸಿದ ವರ್ಷವೂ ಅದೇ.